ಮೂತಿ ಒಂದೇ ಆದರೂ ಕೇಬಲ್ ಒಂದೇ ಅಲ್ಲ

ಮಂಡ್ಯದಲ್ಲಿ ಲಗ್ನಪತ್ರಿಕೆ ವಿನ್ಯಾಸ ಮಾಡಿ ಮುದ್ರಿಸಿಕೊಡುವ ಒಬ್ಬರು ಕಳೆದ ವರ್ಷ ತಮ್ಮ ಅಂಗಡಿಗೆ 27 ಇಂಚಿನ 4ಕೆ ಮಾನಿಟರ್ ತಂದರು. ಅಕ್ಷರಗಳು ಕೆತ್ತಿಟ್ಟಂತೆ ಕಾಣುತ್ತಿದ್ದವು, ಬಣ್ಣವೂ ಚೆನ್ನಾಗಿತ್ತು. ಆದರೆ ಕೆಲಸಕ್ಕೆ ಕುಳಿತ ಅರ್ಧ ಗಂಟೆಯಲ್ಲೇ ಅವರಿಗೆ ಕಣ್ಣು ಉರಿಯಲಾರಂಭಿಸುತ್ತಿತ್ತು. "ಸಾರ್, ಮೌಸ್ ಎಳೆದ್ರೆ ಬಾಣದ ಗುರ್ತು ಕುಂಟ್ಕೊಂಡು ಬತ್ತದೆ. ಮಾನಿಟರ್ರೇ ಸರಿ ಇಲ್ವೇನೋ, ವಾಪಸ್ ಕೊಟ್‌ಬುಡ್ಲಾ?" ಎಂದು ಫೋನಿನಲ್ಲಿ ಕೇಳಿದರು. ಎರಡು ದಿನ ತಡೆಯಿರಿ ಎಂದು ಹೇಳಿ, ಮೈಸೂರಿನಿಂದ ಹೋಗಿ ನೋಡಿದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದಾಗ ರಿಫ್ರೆಶ್ ರೇಟ್ ಪಟ್ಟಿಯಲ್ಲಿ 30 ಹರ್ಟ್ಸ್‌ಗಿಂತ ಮೇಲಿನ ಸಂಖ್ಯೆಯೇ ಇರಲಿಲ್ಲ. ಅಂದರೆ ಪರದೆಯ ಮೇಲಿನ ಚಿತ್ರ ಸೆಕೆಂಡಿಗೆ 30 ಬಾರಿ ಮಾತ್ರ ಬದಲಾಗುತ್ತಿತ್ತು. ಸಿಪಿಯು ಡಬ್ಬದ ಹಿಂಬದಿಯಲ್ಲಿ ಮಾನಿಟರ್ ಜೋಡಿಸಿದ್ದ ಎಚ್‌ಡಿಎಂಐ ಪೋರ್ಟಿನ ಪಕ್ಕದಲ್ಲೇ, ಕೊಂಡ ದಿನದಿಂದ ಯಾರೂ ಬಳಸದ, ಚಿತ್ರ ಕಳುಹಿಸುವ ಇನ್ನೊಂದು ಬಗೆಯ ಪೋರ್ಟ್ ಆದ ಡಿಸ್‌ಪ್ಲೇಪೋರ್ಟ್ ಧೂಳು ಹಿಡಿದು ಕುಳಿತಿತ್ತು. ಅದಕ್ಕೆ ಬೇಕಾದ ಕೇಬಲ್ ಮಾನಿಟರ್ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಹಾಗೆಯೇ ಇತ್ತು. ಅದನ್ನು ಸಿಕ್ಕಿಸಿದೊಡನೆ ಪಟ್ಟಿಯಲ್ಲಿ 60 ಹರ್ಟ್ಸ್ ಬಂತು, ಬಾಣದ ಗುರುತು ಕುಂಟುವುದು ನಿಂತಿತು. ಹೊಸದಾಗಿ ಒಂದು ರೂಪಾಯಿ ಖರ್ಚಾಗಲಿಲ್ಲ.

ಮೈಸೂರು-ಮಂಡ್ಯ ಭಾಗದ ಕಚೇರಿ, ಶಾಲೆ, ಅಂಗಡಿಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ನನ್ನ ಕೆಲಸದಲ್ಲಿ, ಪರದೆಯ ತೊಂದರೆ ಎಂದು ಬರುವ ದೂರುಗಳಲ್ಲಿ ಎಷ್ಟೋ ಬಾರಿ ಪರದೆಯೂ ಸರಿಯಾಗಿರುತ್ತದೆ, ಕಂಪ್ಯೂಟರೂ ಸರಿಯಾಗಿರುತ್ತದೆ. ಎರಡರ ನಡುವಿನ ಸಂಪರ್ಕ ಮಾತ್ರ ಹೊರಲಾರದ ಭಾರವನ್ನು ಹೊರುತ್ತಿರುತ್ತದೆ. ಜನರು ಕೇಬಲ್ ಕೊಳ್ಳುವುದು ಅದರ ಮೂತಿಯ ಆಕಾರ ನೋಡಿ. ಆಕಾರ ಹೇಳುವುದು ಅದು ಪೋರ್ಟಿಗೆ ಕೂರುತ್ತದೆ ಎಂಬುದನ್ನಷ್ಟೇ, ಎಷ್ಟು ಹೊರುತ್ತದೆ ಎಂಬುದನ್ನಲ್ಲ.

ಆ ಭಾರವನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080, ಒಟ್ಟು 20,73,600 ಪಿಕ್ಸೆಲ್‌ಗಳಿವೆ. ಒಂದೊಂದು ಪಿಕ್ಸೆಲ್‌ನ ಬಣ್ಣ ಹೇಳಲು ಸಾಮಾನ್ಯವಾಗಿ 24 ಬಿಟ್ ಬೇಕು. ಸೆಕೆಂಡಿಗೆ 60 ಬಾರಿ ಹೇಳಬೇಕು. ಗುಣಿಸಿದರೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್, ಅಂದರೆ 300 ಕೋಟಿ ಬಿಟ್ ಆಗುತ್ತದೆ. 4ಕೆ ಪರದೆಯಲ್ಲಿ ಪಿಕ್ಸೆಲ್‌ಗಳ ಸಂಖ್ಯೆ 82,94,400, ಅಂದರೆ ನಾಲ್ಕು ಪಟ್ಟು. ಬೇಕಾಗುವ ವೇಗ ಸುಮಾರು 12 ಗಿಗಾಬಿಟ್. ಸಾಲು ಸಾಲುಗಳ ನಡುವಿನ ಬಿಡುವು, 8 ಬಿಟ್‌ಗಳನ್ನು 10 ಬಿಟ್‌ಗಳಾಗಿ ಹೆಣೆದು ಕಳುಹಿಸುವ ಕ್ರಮ ಇವೆಲ್ಲ ಸೇರಿದರೆ, ಎಚ್‌ಡಿಎಂಐ ತಂತಿಯ ಮೇಲೆ 60 ಹರ್ಟ್ಸ್‌ನ 4ಕೆ ಚಿತ್ರ ನಿಜವಾಗಿ 17.82 ಗಿಗಾಬಿಟ್ ಆಗುತ್ತದೆ. 2009ರ ಎಚ್‌ಡಿಎಂಐ 1.4 ಹೊರಬಲ್ಲದ್ದು 10.2 ಗಿಗಾಬಿಟ್ ಮಾತ್ರ. 30 ಹರ್ಟ್ಸ್‌ಗೆ ಬೇಕಾದ 8.91 ಅದರಲ್ಲಿ ಹಿಡಿಸುತ್ತದೆ, 60 ಹರ್ಟ್ಸ್ ಹಿಡಿಸುವುದಿಲ್ಲ. 2013ರ ಎಚ್‌ಡಿಎಂಐ 2.0 ಮಿತಿಯನ್ನು 18ಕ್ಕೆ ಏರಿಸಿದಾಗ ಅದು ಹಿಡಿಸಿತು. ಮುದ್ರಣದವರ ಕಂಪ್ಯೂಟರಿನ ಎಚ್‌ಡಿಎಂಐ ಪೋರ್ಟ್ 1.4ರ ಕಾಲದ್ದು, ಅದರ ಪಕ್ಕದ ಡಿಸ್‌ಪ್ಲೇಪೋರ್ಟ್ 1.2 ಆವೃತ್ತಿಯದು, ಅದು ಚಿತ್ರಕ್ಕೆಂದೇ 17.28 ಗಿಗಾಬಿಟ್ ಕೊಡುತ್ತದೆ. ಒಂದೇ ಡಬ್ಬದ ಹಿಂಬದಿಯಲ್ಲಿ ಎರಡು ಅಂಗುಲ ಅಂತರದ ಎರಡು ಪೋರ್ಟ್‌ಗಳು ಎರಡು ಬೇರೆ ಕಾಲಕ್ಕೆ ಸೇರಿದ್ದವು.

ನಮ್ಮ ಕಡೆಯವರಿಗೆ ಇದನ್ನು ವಿಶ್ವೇಶ್ವರಯ್ಯ ನಾಲೆಯ ಮಾತಿನಲ್ಲಿ ಹೇಳುತ್ತೇನೆ. ಕೆಆರ್‌ಎಸ್‌ನಲ್ಲಿ ಎಷ್ಟೇ ನೀರಿರಲಿ, ಗದ್ದೆಗೆ ಬರುವುದು ನಡುವಿನ ಅತಿ ಚಿಕ್ಕ ತೂಬು ಬಿಟ್ಟಷ್ಟೇ. ಕಂಪ್ಯೂಟರಿನ ಪೋರ್ಟ್, ಕೇಬಲ್, ಮಾನಿಟರಿನ ಪೋರ್ಟ್ ಈ ಮೂರರಲ್ಲಿ ಯಾವುದು ಚಿಕ್ಕದೋ ಅದರ ಅಳತೆಯೇ ಇಡೀ ಸಂಪರ್ಕದ ಅಳತೆ. ಆದರೆ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ತೂಬು ಚಿಕ್ಕದಾದರೆ ನೀರು ನಿಧಾನವಾಗಿಯಾದರೂ ಬರುತ್ತದೆ; ಡಿಜಿಟಲ್ ಕೇಬಲ್ ಸಾಲದಾದಾಗ ಚಿತ್ರ ಮಸುಕಾಗುವುದಿಲ್ಲ, ಮೊದಲು ಅಲ್ಲಲ್ಲಿ ಬಿಳಿ ಚುಕ್ಕೆಗಳು ಮಿನುಗುತ್ತವೆ, ಆಮೇಲೆ ಪರದೆ ಆಗಾಗ ಎರಡು ಸೆಕೆಂಡು ಕಪ್ಪಾಗಿ ಮತ್ತೆ ಬರುತ್ತದೆ, ಕೊನೆಗೆ ಸಿಗ್ನಲ್ ಇಲ್ಲ ಎಂಬ ಬರಹ ಉಳಿಯುತ್ತದೆ.

ಈ ವ್ಯತ್ಯಾಸ ದೋಷ ಪತ್ತೆಗೆ ಬಹಳ ಉಪಯುಕ್ತ. ಮಾನಿಟರ್ ತಾನು ಯಾವ ಯಾವ ಅಳತೆಯ ಚಿತ್ರವನ್ನು ತೋರಿಸಬಲ್ಲೆ ಎಂಬುದನ್ನು ಇಡಿಐಡಿ ಎಂಬ ಪುಟ್ಟ ದಾಖಲೆಯಲ್ಲಿ ಕಂಪ್ಯೂಟರಿಗೆ ತಿಳಿಸುತ್ತದೆ. ಅದನ್ನು ಓದಿ, ತನ್ನ ಪೋರ್ಟಿನ ಮಿತಿಯನ್ನೂ ನೋಡಿಕೊಂಡು ಕಂಪ್ಯೂಟರ್ ಸೆಟ್ಟಿಂಗ್ಸ್ ಪಟ್ಟಿಯನ್ನು ಮಾಡುತ್ತದೆ. ಎಚ್‌ಡಿಎಂಐನ ಹಳೆಯ ಕ್ರಮದಲ್ಲಿ, ಅಂದರೆ 2.0ರವರೆಗೆ, ಈ ಮಾತುಕತೆಯಲ್ಲಿ ಕೇಬಲ್‌ಗೆ ಪಾಲೇ ಇಲ್ಲ. ನಡುವಿನ ತಂತಿ ಎಂಥದ್ದು ಎಂದು ಎರಡೂ ತುದಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಬೇಕಾದ ಸಂಖ್ಯೆ ಪಟ್ಟಿಯಲ್ಲಿಯೇ ಇಲ್ಲದಿದ್ದರೆ ಮೊದಲು ಪೋರ್ಟನ್ನು ಅನುಮಾನಿಸುತ್ತೇನೆ. ಪಟ್ಟಿಯಲ್ಲಿ ಇದ್ದು, ಆರಿಸಿದ ಮೇಲೆ ಚಿತ್ರ ಮಿನುಗಿದರೆ ಮೊದಲು ಕೇಬಲನ್ನು ಬದಲಿಸುತ್ತೇನೆ. ಡಿಸ್‌ಪ್ಲೇಪೋರ್ಟ್‌ನ ರೀತಿ ಬೇರೆ: ಚಿತ್ರ ಕಳುಹಿಸುವ ಮೊದಲು ಅದು ತಂತಿಯನ್ನು ಪರೀಕ್ಷಿಸಿ ನೋಡುತ್ತದೆ, ಸಾಲದಿದ್ದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅಲ್ಲಿ ಕೇಬಲ್‌ನ ಕೊರತೆಯೂ ಪಟ್ಟಿಯಲ್ಲಿ ಕಾಣಿಸಿಕೊಳ್ಳಬಹುದು.

ಅಂಗಡಿಯಲ್ಲಿ ಎಚ್‌ಡಿಎಂಐ ಕೇಬಲ್ ಕೇಳಿದರೆ "2.0 ಬೇಕೋ, 2.1 ಬೇಕೋ" ಎನ್ನುತ್ತಾರೆ. ಆವೃತ್ತಿ ಸಂಖ್ಯೆ ಉಪಕರಣಗಳದ್ದು, ಕೇಬಲಿನದಲ್ಲ. ಕೇಬಲ್‌ಗೆ ಇರುವುದು ವೇಗದ ದರ್ಜೆ: ಹೈ ಸ್ಪೀಡ್ ಎಂದರೆ 10.2 ಗಿಗಾಬಿಟ್, ಪ್ರೀಮಿಯಂ ಹೈ ಸ್ಪೀಡ್ ಎಂದರೆ 18, ಅಲ್ಟ್ರಾ ಹೈ ಸ್ಪೀಡ್ ಎಂದರೆ 48. ಕೊನೆಯ ಎರಡು ದರ್ಜೆಗಳ ಅಸಲಿ ಪೊಟ್ಟಣದ ಮೇಲೆ ಫೋನಿನಿಂದ ಸ್ಕ್ಯಾನ್ ಮಾಡಿ ಪರಿಶೀಲಿಸಬಹುದಾದ ಚೀಟಿ ಇರುತ್ತದೆ. ನಾನು ಗ್ರಾಹಕರಿಗೆ ಹೇಳುವುದು ಆ ಚೀಟಿಯನ್ನು ನೋಡಿ ಎಂದು. ಮಾನಿಟರ್ ಅಥವಾ ಟಿವಿಯ ಮೇಲೆ 2.1 ಎಂದು ಬರೆದಿದ್ದರೂ ಅದರಿಂದ 48 ಗಿಗಾಬಿಟ್ ಸಿಗುತ್ತದೆಂದು ಭರವಸೆಯಿಲ್ಲ, ಏಕೆಂದರೆ 2017ರ ಆ ಆವೃತ್ತಿಯ ಹೊಸ ಸೌಲಭ್ಯಗಳು ತಯಾರಕರಿಗೆ ಐಚ್ಛಿಕ. ವಿವರಪಟ್ಟಿಯಲ್ಲಿ ರೆಸಲ್ಯೂಷನ್ ಮತ್ತು ಹರ್ಟ್ಸ್ ಎರಡನ್ನೂ ಓದಿ ನೋಡಬೇಕು. ಇನ್ನು ಚಿನ್ನದ ಲೇಪ, ದಪ್ಪ ಹೆಣಿಗೆ, ದುಪ್ಪಟ್ಟು ಬೆಲೆ ಇವುಗಳಿಂದ ಬಣ್ಣ ಹೆಚ್ಚು ಗಾಢವಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಬಿಟ್‌ಗಳು ಸರಿಯಾಗಿ ತಲುಪಿದ ಮೇಲೆ ಇನ್ನೂರು ರೂಪಾಯಿಯ ಕೇಬಲ್‌ನ ಚಿತ್ರಕ್ಕೂ ಎರಡು ಸಾವಿರದ ಕೇಬಲ್‌ನ ಚಿತ್ರಕ್ಕೂ ಕೂದಲೆಳೆಯ ವ್ಯತ್ಯಾಸವೂ ಇರುವುದಿಲ್ಲ.

ಈ ನಂಬಿಕೆ ವಿಜಿಎ ಕಾಲದ ಪಳೆಯುಳಿಕೆ, ಆ ಕಾಲದಲ್ಲಿ ಅದು ನಿಜವೂ ಆಗಿತ್ತು. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರುಗಳೊಂದಿಗೆ ತಂದ, ಮೂರು ಸಾಲಿನಲ್ಲಿ 15 ಪಿನ್‌ಗಳಿರುವ ಆ ನೀಲಿ ಮೂತಿಯ ಕೇಬಲ್ ಅನಲಾಗ್ ಸಂಕೇತವನ್ನು ಒಯ್ಯುತ್ತದೆ. ಕೇಬಲ್ ಕಳಪೆಯಾದರೆ ಅಕ್ಷರದ ಪಕ್ಕ ನೆರಳು ಬೀಳುತ್ತದೆ, ಒಂದು ಪಿನ್ ಬಾಗಿದರೆ ಇಡೀ ಪರದೆ ಹಳದಿಗೋ ಗುಲಾಬಿಗೋ ತಿರುಗುತ್ತದೆ. ನಮ್ಮ ಶಾಲೆಗಳ ಹಳೆಯ ಪ್ರೊಜೆಕ್ಟರ್‌ಗಳಲ್ಲಿ ಅದು ಇಂದಿಗೂ ಕೆಲಸ ಮಾಡುತ್ತಿದೆ. 1999ರ ಡಿವಿಐ ಎಂಬ ಪೋರ್ಟ್ ಈಗ ಅಪರೂಪ. ಅದರ ಚಪ್ಪಟೆ ಪಿನ್ನಿನ ಸುತ್ತ ನಾಲ್ಕು ಸಣ್ಣ ರಂಧ್ರಗಳಿದ್ದರೆ ವಿಜಿಎ ಸಂಕೇತವೂ ಅದರಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಸಿಗುವುದಿಲ್ಲ ಎಂಬುದನ್ನು ನೆನಪಿಟ್ಟರೆ ಸಾಕು.

ಅತಿ ಹೆಚ್ಚು ಹಣ ವ್ಯರ್ಥವಾಗುವುದು ಅಡಾಪ್ಟರುಗಳಲ್ಲಿ. ಒಂದು ತುದಿ ಡಿಸ್‌ಪ್ಲೇಪೋರ್ಟ್, ಇನ್ನೊಂದು ತುದಿ ಎಚ್‌ಡಿಎಂಐ ಇರುವ ಅಗ್ಗದ ಕೇಬಲ್ ಎರಡೂ ದಿಕ್ಕಿಗೆ ನಡೆಯುತ್ತದೆ ಎಂದು ಜನ ಭಾವಿಸುತ್ತಾರೆ. ಅದು ಒಂದೇ ದಿಕ್ಕಿನದು. ಕಂಪ್ಯೂಟರುಗಳ ಬಹುತೇಕ ಡಿಸ್‌ಪ್ಲೇಪೋರ್ಟ್‌ಗಳು, ಎದುರಿಗೆ ಎಚ್‌ಡಿಎಂಐ ಇದೆ ಎಂದು ತಿಳಿದೊಡನೆ ತಾವೇ ಎಚ್‌ಡಿಎಂಐ ಸಂಕೇತವನ್ನು ಹೊರಡಿಸಬಲ್ಲವು. ಪೋರ್ಟಿನ ಬಳಿ ಎರಡು ಕೂಡಿಸುವ ಚಿಹ್ನೆ ಇರುವುದು ಅದಕ್ಕಾಗಿ. ಎಚ್‌ಡಿಎಂಐ ಪೋರ್ಟಿಗೆ ಡಿಸ್‌ಪ್ಲೇಪೋರ್ಟ್‌ನ ಭಾಷೆ ಬರುವುದಿಲ್ಲ, ಏಕೆಂದರೆ ಡಿಸ್‌ಪ್ಲೇಪೋರ್ಟ್‌ನಲ್ಲಿ ದತ್ತಾಂಶ ಸಾಗುವುದು ಸಣ್ಣ ಪೊಟ್ಟಣಗಳ ರೂಪದಲ್ಲಿ. ಲ್ಯಾಪ್‌ಟಾಪಿನ ಎಚ್‌ಡಿಎಂಐನಿಂದ ಮಾನಿಟರಿನ ಡಿಸ್‌ಪ್ಲೇಪೋರ್ಟಿಗೆ ಹೋಗಬೇಕಾದರೆ, ಒಳಗೆ ಚಿಪ್ ಇದ್ದು ಯುಎಸ್‌ಬಿಯಿಂದ ವಿದ್ಯುತ್ ಪಡೆಯುವ ಕನ್ವರ್ಟರ್ ಬೇಕು. ವಿಜಿಎ ವಿಷಯದಲ್ಲಿಯೂ ಹೀಗೆಯೇ: ಎಚ್‌ಡಿಎಂಐನಿಂದ ವಿಜಿಎಗೆ ಒಂದು ಕನ್ವರ್ಟರ್, ವಿಜಿಎಯಿಂದ ಎಚ್‌ಡಿಎಂಐಗೆ ಬೇರೆಯದೇ ಕನ್ವರ್ಟರ್. ಕೊಳ್ಳುವಾಗ "ಕಂಪ್ಯೂಟರ್ ಕಡೆ ಇದು, ಪರದೆ ಕಡೆ ಅದು" ಎಂದು ಬಾಯಿಬಿಟ್ಟು ಹೇಳಿ ಕೇಳುವುದೇ ಸುರಕ್ಷಿತ.

ಯುಎಸ್‌ಬಿ-ಸಿ ಬಂದ ಮೇಲೆ ಆಕಾರದ ಮೇಲಿನ ನಂಬಿಕೆಗೆ ಪೂರ್ತಿ ಪೆಟ್ಟು ಬಿದ್ದಿದೆ. 2014ರಲ್ಲಿ ಪ್ರಕಟವಾದ ಈ 24 ಪಿನ್‌ಗಳ ಮೂತಿ ಚಾರ್ಜಿಂಗ್, ದತ್ತಾಂಶ, ಚಿತ್ರ ಎಲ್ಲವನ್ನೂ ಒಯ್ಯಬಲ್ಲದು, ಆದರೆ ಒಯ್ಯಲೇಬೇಕೆಂಬ ನಿಯಮವಿಲ್ಲ. ಕುವೆಂಪುನಗರದ ಲೆಕ್ಕಪರಿಶೋಧಕರೊಬ್ಬರು ಫೋನಿನ ಚಾರ್ಜರ್ ಜೊತೆ ಬಂದ ಕೇಬಲ್‌ನಿಂದ ಲ್ಯಾಪ್‌ಟಾಪನ್ನು ಮಾನಿಟರಿಗೆ ಜೋಡಿಸಿ, ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿದೆ, ಚಿತ್ರ ಮಾತ್ರ ಬರುತ್ತಿಲ್ಲ ಎಂದು ವಾರವಿಡೀ ಡ್ರೈವರ್ ತಂತ್ರಾಂಶಗಳನ್ನು ಬದಲಿಸಿದ್ದರು. ಅಂಥ ಚಾರ್ಜಿಂಗ್ ಕೇಬಲ್‌ಗಳಲ್ಲಿ ಚಿತ್ರ ಸಾಗಬೇಕಾದ ವೇಗದ ತಂತಿಜೋಡಿಗಳನ್ನೇ ಹಾಕಿರುವುದಿಲ್ಲ. ಇನ್ನೊಂದು ಪ್ರಶ್ನೆ, ಲ್ಯಾಪ್‌ಟಾಪಿನ ಒಂದೇ ಯುಎಸ್‌ಬಿ-ಸಿ ಪೋರ್ಟಿನಿಂದ ಹಲವು ಪೋರ್ಟ್‌ಗಳನ್ನು ಕೊಡುವ ಡಾಕ್ ಎಂಬ ಡಬ್ಬಗಳದ್ದು: ಡಾಕ್‌ಗೆ 4ಕೆ ಮಾನಿಟರ್ ಜೋಡಿಸಿದರೆ 30 ಹರ್ಟ್ಸ್‌ಗೆ ಏಕೆ ಇಳಿಯುತ್ತದೆ? ಯುಎಸ್‌ಬಿ-ಸಿ ಒಳಗಿನ ನಾಲ್ಕು ವೇಗದ ದಾರಿಗಳಲ್ಲಿ ಎರಡನ್ನು ಪೆನ್ ಡ್ರೈವ್, ನೆಟ್‌ವರ್ಕ್ ಮುಂತಾದವುಗಳಿಗೆ ಬಿಟ್ಟು, ಎರಡನ್ನು ಮಾತ್ರ ಚಿತ್ರಕ್ಕೆ ಕೊಡುವ ಡಾಕ್‌ಗಳಿವೆ. ಡಿಸ್‌ಪ್ಲೇಪೋರ್ಟ್ 1.2ರ ಲೆಕ್ಕದಲ್ಲಿ ಎರಡು ದಾರಿಗಳಿಂದ ಸಿಗುವುದು 8.64 ಗಿಗಾಬಿಟ್. 12ರ ಭಾರ ಅದರಲ್ಲಿ ಹೇಗೆ ಸಾಗೀತು?

ದೂರವೂ ಒಂದು ಭಾರವೇ. ಮಂಡ್ಯ ತಾಲ್ಲೂಕಿನ ಒಂದು ಶಾಲೆಯ ಸಭಾಂಗಣದಲ್ಲಿ ವೇದಿಕೆಯ ಮೇಜಿನಿಂದ ಚಾವಣಿಯ ಪ್ರೊಜೆಕ್ಟರ್‌ವರೆಗೆ 20 ಮೀಟರ್ ಎಚ್‌ಡಿಎಂಐ ಕೇಬಲನ್ನು ಗೋಡೆಯೊಳಗೆ ಹೂತು ಸುಣ್ಣ ಬಳಿದ ಮೇಲೆ ನನ್ನನ್ನು ಕರೆದರು. ಬೆಳಿಗ್ಗೆ ಚಿತ್ರ ಬರುತ್ತಿತ್ತು, ಕಾರ್ಯಕ್ರಮದ ನಡುವೆ ಹೋಗುತ್ತಿತ್ತು. ಸಾಧಾರಣ ತಾಮ್ರದ ಕೇಬಲ್ 4ಕೆ ಚಿತ್ರವನ್ನು ಮೂರರಿಂದ ಐದು ಮೀಟರ್‌ವರೆಗೆ ನಂಬಿಕೆಯಿಂದ ಒಯ್ಯುತ್ತದೆ. ಫುಲ್ ಎಚ್‌ಡಿಯನ್ನು ಹತ್ತು ಮೀಟರ್ ದಾಟಿಸಲು ಒಳ್ಳೆಯ ಕೇಬಲ್ ಬೇಕು. ಅದಕ್ಕೂ ಹೆಚ್ಚಿನ ದೂರಕ್ಕೆ ಬೆಳಕಿನ ಎಳೆಗಳಿರುವ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಹಾಕುತ್ತೇನೆ, ಇಲ್ಲವೇ ನೆಟ್‌ವರ್ಕ್ ಕೇಬಲ್ ಮೇಲೆ 100 ಮೀಟರ್‌ವರೆಗೆ ಚಿತ್ರ ಕಳುಹಿಸುವ ಎಚ್‌ಡಿಬೇಸ್‌ಟಿ ಜೋಡಿಯನ್ನು ಬಳಸುತ್ತೇನೆ. ಆಪ್ಟಿಕಲ್ ಕೇಬಲ್‌ಗೆ ದಿಕ್ಕಿದೆ. ಕಂಪ್ಯೂಟರ್ ತುದಿ ಮತ್ತು ಪರದೆ ತುದಿ ಯಾವುದೆಂದು ಮೂತಿಯ ಮೇಲೆ ಬರೆದಿರುತ್ತದೆ, ಅದನ್ನು ಓದದೆ ಪೈಪಿನೊಳಗೆ ಎಳೆದರೆ ಮತ್ತೆ ಎಳೆಯಬೇಕು. ಗೋಡೆ ಮುಚ್ಚುವ ಮೊದಲು ಕೇಬಲನ್ನು ನೆಲದ ಮೇಲೆ ಹಾಸಿ, ಒಂದು ದಿನ ಪೂರ್ತಿ ಚಿತ್ರ ಓಡಿಸಿ ನೋಡಿ ಎಂದು ಕಟ್ಟಡದ ಗುತ್ತಿಗೆದಾರರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಡಿಸ್‌ಪ್ಲೇಪೋರ್ಟ್ ಕೇಬಲ್‌ನ ಒಂದು ದೋಷವನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ಅದು ಕೇಬಲ್‌ನ ದೋಷವೆಂದು ಯಾರಿಗೂ ಹೊಳೆಯುವುದಿಲ್ಲ. ಮೈಸೂರಿನ ಒಂದು ಕಚೇರಿಯಲ್ಲಿ ಕಂಪ್ಯೂಟರನ್ನು ಆರಿಸಿದ ಮೇಲೂ ಅದರ ಮದರ್‌ಬೋರ್ಡಿನ ಪುಟ್ಟ ದೀಪ ಮಂಕಾಗಿ ಉರಿಯುತ್ತಿತ್ತು, ಪ್ಲಗ್ ಕಿತ್ತರೂ ಆರುತ್ತಿರಲಿಲ್ಲ. ಬೆಳಿಗ್ಗೆ ಕೆಲವೊಮ್ಮೆ ಕಂಪ್ಯೂಟರ್ ಏಳುತ್ತಲೇ ಇರಲಿಲ್ಲ. ಪವರ್ ಸಪ್ಲೈ ಬದಲಿಸಿದ್ದರು, ಫಲವಿರಲಿಲ್ಲ. ಕೇಬಲನ್ನು ಬಿಚ್ಚಿ, ಮಲ್ಟಿಮೀಟರಿನ ಕಡ್ಡಿಗಳನ್ನು ಎರಡೂ ತುದಿಯ 20ನೇ ಪಿನ್ನಿಗೆ ಮುಟ್ಟಿಸಿದಾಗ ಮೀಟರ್ ಕೂಗಿತು, ಅಂದರೆ ಆ ಎರಡು ಪಿನ್‌ಗಳ ನಡುವೆ ತಂತಿ ಇತ್ತು. ಆ ಪಿನ್ ಅಡಾಪ್ಟರುಗಳಿಗೆ 3.3 ವೋಲ್ಟ್ ಕೊಡಲು ಇರುವುದು. ಮಾನದಂಡದ ಪ್ರಕಾರ ಸಾಮಾನ್ಯ ಕೇಬಲ್‌ನಲ್ಲಿ ಆ ಎರಡು ತುದಿಗಳ ನಡುವೆ ತಂತಿ ಇರಲೇಬಾರದು. ಕೆಲವು ಕಳಪೆ ತಯಾರಕರು ಜೋಡಿಸಿಬಿಡುತ್ತಾರೆ. ಆಗ ಮಾನಿಟರಿನ ವಿದ್ಯುತ್ ಕೇಬಲ್ ಮೂಲಕ ಹಿಂದಕ್ಕೆ ಹರಿದು ಆರಿದ ಕಂಪ್ಯೂಟರಿನೊಳಗೆ ಸೇರುತ್ತದೆ. ಕೇಬಲ್ ಬದಲಿಸಿದ ದಿನದಿಂದ ಆ ಕಂಪ್ಯೂಟರ್ ಸುಖವಾಗಿದೆ.

ವಿದ್ಯುತ್ತಿನ ಮಾತು ಬಂದಾಗ ನಮ್ಮ ಊರುಗಳ ಅರ್ಥಿಂಗ್ ಬಗ್ಗೆ ಹೇಳದಿದ್ದರೆ ಆಗದು. ಮೂರು ಪಿನ್‌ಗಳ ಪ್ಲಗ್ಗನ್ನು ಅರ್ಥ್ ಇಲ್ಲದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದಾಗ, ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ದೆಸೆಯಿಂದ ಸಿಪಿಯು ಡಬ್ಬದ ಲೋಹ ಸುಮಾರು 115 ವೋಲ್ಟ್ ಮಟ್ಟದಲ್ಲಿ ತೇಲುತ್ತಿರುತ್ತದೆ. ಅದರ ಬಲ ಬಹಳ ಕಡಿಮೆಯಾದ್ದರಿಂದ ಮುಟ್ಟಿದರೆ ಜುಮ್ಮೆನ್ನುತ್ತದೆ, ಅಷ್ಟೆ. ಆದರೆ ಎಚ್‌ಡಿಎಂಐ ಮೂತಿಯನ್ನು ಪೋರ್ಟಿಗೆ ತಾಗಿಸುವ ಕ್ಷಣದಲ್ಲಿ ಹಾರುವ ಪುಟ್ಟ ಕಿಡಿ ಸಂಕೇತದ ಪಿನ್ನಿಗೆ ಸಿಕ್ಕರೆ ಪೋರ್ಟ್ ಸಾಯುತ್ತದೆ. ಇದಕ್ಕಿಂತ ದೊಡ್ಡ ಹಾನಿ ಅಶ್ವಿನಿ, ಭರಣಿ ಮಳೆಗಳ ಗುಡುಗು-ಸಿಡಿಲಿನಲ್ಲಿ ಆಗುತ್ತದೆ. ಕಂಬದಿಂದ ಕಂಬಕ್ಕೆ ಬಂದ ಕೇಬಲ್ ಟಿವಿಯ ತಂತಿ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಗೆ, ಆ ಟಿವಿಯ ಮತ್ತೊಂದು ಎಚ್‌ಡಿಎಂಐನಿಂದ ಕಂಪ್ಯೂಟರಿಗೆ ಸಾಗುವ ದಾರಿಯಲ್ಲಿ ಪ್ಲಗ್ ಸ್ವಿಚ್‌ಗಳಿಗೆ ಕೆಲಸವೇ ಇಲ್ಲ. ಸ್ವಿಚ್ ಆರಿಸಿಟ್ಟಿದ್ದರೂ ಪೋರ್ಟ್‌ಗಳು ಸುಟ್ಟ ಮನೆಗಳನ್ನು ನಾನು ಪ್ರತಿ ಬೇಸಿಗೆಯ ಕೊನೆಯಲ್ಲಿ ನೋಡುತ್ತೇನೆ. ಮೋಡ ಕವಿದಾಗ ಪ್ಲಗ್ಗಿನ ಜೊತೆಗೆ ಸೆಟ್‌ಟಾಪ್ ಬಾಕ್ಸಿಗೆ ತಿರುಪಿ ಕೂರಿಸಿದ ಆ ದುಂಡನೆಯ ತಂತಿಯನ್ನೂ ಬಿಚ್ಚಿಡಿ. ಮಳೆ ನಿಂತ ಮೇಲೆ ಜೋಡಿಸುವಾಗ ಮೊದಲು ಎಲ್ಲ ಕೇಬಲ್‌ಗಳನ್ನೂ ಸಿಕ್ಕಿಸಿ, ಪ್ಲಗ್ಗನ್ನು ಕೊನೆಯಲ್ಲಿ ಹಾಕಿ. ಡಿಸ್‌ಪ್ಲೇಪೋರ್ಟ್ ಕೇಬಲ್ ತೆಗೆಯುವಾಗ ಮೂತಿಯ ಮೇಲಿನ ಗುಂಡಿಯನ್ನು ಒತ್ತಿ ಹಿಡಿದೇ ಎಳೆಯಿರಿ; ಒಳಗಿನ ಎರಡು ಕೊಕ್ಕೆಗಳು ಬಿಡದೆ ಜಗ್ಗಿದರೆ ಪೋರ್ಟೇ ಬೋರ್ಡಿನಿಂದ ಕಿತ್ತು ಬರುತ್ತದೆ.