ರೊಕ್ಕ ಫೋನಿನಲ್ಲಿ ಹೋಗುತ್ತೆ, ಓಟು ಯಾಕೆ ಹೋಗಲ್ಲ?

ಪ್ರಶ್ನೆ: ನಮ್ಮೂರು ಮಸ್ಕಿ ಹತ್ರ. ಬೆಂಗಳೂರಾಗ ಗಾರೆ ಕೆಲಸ. ವಾರ ವಾರ ಅವ್ವಗ ಫೋನ್‌ಪೇ ಮಾಡ್ತೀನಿ, ಒಂದು ನಿಮಿಷದ ಕೆಲಸ. ಓಟು ಹಾಕಾಕ ಮಾತ್ರ ಪಗಾರ ಬಿಟ್ಟು, ಬಸ್ ಚಾರ್ಜ್ ಇಟ್ಟು ಊರಿಗೆ ಬರಬೇಕು. ಅದನ್ನೂ ಫೋನಿನ್ಯಾಗ ಹಾಕೋ ಹಂಗ ಯಾಕ ಮಾಡಂಗಿಲ್ಲ?

ಉತ್ತರ: ನಮ್ಮ ಕಡೆ ಗುಳೆ ಹೋಗುವ ಪ್ರತಿ ಮನೆಯಲ್ಲೂ ಈ ಪ್ರಶ್ನೆ ಇದೆ. ಕಳೆದ ಲೋಕಸಭೆ ಚುನಾವಣೆ ನೆನಪಿದೆಯಲ್ವಾ? ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ 2024ರ ಮೇ 7ಕ್ಕೆ ಮತದಾನ. ಕಾಲುವೆ ನೀರು ಕಾಣದ ಊರುಗಳ ಜನ ಆ ಹೊತ್ತಿಗೆ ಬೆಂಗಳೂರಿನ ಕಟ್ಟಡಗಳ ಮೇಲೆ ಇರುತ್ತಾರೆ. ವಾಪಸ್ ಬರುವುದು ಮುಂಗಾರು ಬಿತ್ತನೆಗೆ. ಹಾಗಾಗಿ ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಆದರೂ ಫೋನಿನಲ್ಲಿ ಓಟು ಬೇಡ ಅಂತಲೇ ನಾನು ಹೇಳುತ್ತೇನೆ. ನೀವಿರುವ ಕಡೆಯೇ ಒಂದು ಬೂತ್ ಬೇಕು ಅಂತ ಕೇಳಿ.

ರೊಕ್ಕ ಕಳಿಸಿದಾಗ ಏನಾಗುತ್ತೆ ನೋಡಿ. ಯಾರಿಂದ ಹೋಯಿತು, ಯಾರಿಗೆ ಮುಟ್ಟಿತು, ಎಷ್ಟು ಅನ್ನುವುದೆಲ್ಲ ಬ್ಯಾಂಕಿಗೆ ಗೊತ್ತು. ನಿಮಗೂ ಮೆಸೇಜ್ ಬರುತ್ತೆ. ತಪ್ಪಾದರೆ ಅದನ್ನು ತೋರಿಸಿ ಜಗಳ ಆಡಬಹುದು. ಓಟಿನ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ನೀವು ಬಂದು ಹಾಕಿದಿರಿ ಅನ್ನೋದು ಗೊತ್ತಾಗಬೇಕು, ಯಾರಿಗೆ ಹಾಕಿದಿರಿ ಅನ್ನೋದು ಯಾರಿಗೂ ಗೊತ್ತಾಗಬಾರದು. ಅಷ್ಟೇ ಸಾಲದು. ನೀವೇ ತೋರಿಸಬೇಕು ಅಂದರೂ ತೋರಿಸಲು ಆಗಬಾರದು.

ಯಾಕೆ ಅಂದರೆ ನಮ್ಮಲ್ಲಿ ಓಟಿಗೆ ರೊಕ್ಕ ಹಂಚುತ್ತಾರೆ. ಇದನ್ನು ಮುಚ್ಚಿಟ್ಟು ಮಾತಾಡಿ ಪ್ರಯೋಜನವಿಲ್ಲ. ಇವತ್ತು ಹಂಚುವವನಿಗೆ ನೀವು ಬೂತಿನೊಳಗೆ ಏನು ಮಾಡಿದಿರಿ ಅಂತ ತಿಳಿಯುವುದಿಲ್ಲ. ಓಟು ಯಾರಿಗೆ ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಚೀಟಿ ಗಾಜಿನ ಹಿಂದೆ 7 ಸೆಕೆಂಡ್ ಕಾಣುತ್ತೆ, ಆಮೇಲೆ ಡಬ್ಬಿಯೊಳಗೆ ಬೀಳುತ್ತೆ, ಕೈಗೆ ಸಿಗಲ್ಲ. ಬೂತಿನೊಳಗೆ ಮೊಬೈಲ್ ಬಿಡದಿರುವುದೂ ಇದಕ್ಕೇ. ಫೋನಿನಲ್ಲೇ ಓಟು ಬಂದರೆ? 'ಸ್ಕ್ರೀನ್‌ಶಾಟ್ ಕಳಿಸು, ಉಳಿದ ರೊಕ್ಕ ಹಾಕ್ತೀನಿ' ಅನ್ನುತ್ತಾರೆ. ಮೇಸ್ತ್ರಿ ಸಂಜೆ ಎಲ್ಲರನ್ನೂ ಕೂರಿಸಿಕೊಂಡು 'ತೆಗೀರಿ ಫೋನು' ಅಂದರೆ ಯಾರಿಗೆ ಎದುರು ಮಾತಾಡಲು ಧೈರ್ಯ ಬರುತ್ತೆ?

ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಾಳೆ. ಅವಳ ಖಾತೆಗೆ ಪಿಂಚಣಿ ಬರುತ್ತೆ, ಆದರೆ ಪಿನ್ ಗೊತ್ತಿರುವುದು ಮೊಮ್ಮಗನಿಗೆ. ಫೋನು ಅವಳ ಹೆಸರಿನದು, ಇರುವುದು ಅವನ ಜೇಬಿನಲ್ಲಿ. ಹುಡುಗ ಒಳ್ಳೆಯವನು, ಒಂದು ರೂಪಾಯಿ ಮುಟ್ಟುವುದಿಲ್ಲ. ಹೋದ ಸಲ ಅವಳನ್ನು ಬೂತಿಗೆ ಕರೆದುಕೊಂಡು ಹೋದವನೂ ಅವನೇ. ಅವನನ್ನು ಬಾಗಿಲ ಹೊರಗೇ ನಿಲ್ಲಿಸಿದರು. ಅಜ್ಜಿ ಒಬ್ಬಳೇ ಆ ರಟ್ಟಿನ ಮರೆಯ ಹಿಂದೆ ಹೋದಳು, ಬೀಪ್ ಅಂತು, ಸೆರಗು ಸರಿಮಾಡಿಕೊಳ್ಳುತ್ತಾ ಬಂದಳು. 'ಯಾರಿಗೆ ಹಾಕಿದಿ ಬೇ?' ಅಂದ ಮೊಮ್ಮಗ. 'ನಿನಗ್ಯಾಕ ಬೇಕು?' ಅಂದಳು. ಫೋನಿಗೆ ಓಟು ಬಂದರೆ ಅವಳ ಓಟು ಅವನ ಜೇಬಿಗೆ ಹೋಗುತ್ತೆ.

ಹೊರದೇಶದಲ್ಲಿ ಮಾಡಿದ್ದಾರಲ್ಲ ಅಂತ ಕೇಳಬಹುದು. ಎಸ್ಟೋನಿಯಾದಲ್ಲಿ 2005ರಿಂದ ಇಂಟರ್ನೆಟ್‌ನಲ್ಲಿ ಓಟು ಹಾಕುತ್ತಾರೆ. ಅಲ್ಲಿ ಒಮ್ಮೆ ಹಾಕಿದ ಓಟನ್ನು ಮತ್ತೆ ಬದಲಿಸಬಹುದು, ಕೊನೆಯದೇ ಲೆಕ್ಕ. ಯಾರಾದರೂ ಒತ್ತಾಯ ಮಾಡಿದರೂ ಆಮೇಲೆ ಬದಲಿಸಿಕೊಳ್ಳಲಿ ಅಂತ ಈ ದಾರಿ. ಒಂದೇ ಫೋನಿನಲ್ಲಿ ಇಡೀ ಮನೆ ನಡೆಯುವ ನಮ್ಮಲ್ಲಿ ಅದು ನಡೆಯುವುದಿಲ್ಲ. ಬಿಹಾರದಲ್ಲೂ 2025ರ ಜೂನ್‌ನಲ್ಲಿ ಕೆಲವು ಪಟ್ಟಣಗಳ ಚುನಾವಣೆಗೆ ಆ್ಯಪ್‌ನಲ್ಲಿ ಓಟು ಹಾಕಿಸಿದರು. ನನ್ನ ಆತಂಕ ಅದರಿಂದ ಕಡಿಮೆಯಾಗಿಲ್ಲ. ನಮ್ಮ ಇವಿಎಂಗೆ ಇಂಟರ್ನೆಟ್ಟೂ ಇಲ್ಲ, ವೈಫೈಯೂ ಇಲ್ಲ. ಬೇಕು ಅಂತಲೇ ಹಾಗೆ ಮಾಡಿರುವುದು.

ಈಗ ನೀವು ನಿಜವಾಗಿ ಕೇಳಬೇಕಾದ್ದು. 2022ರ ಕೊನೆಯಲ್ಲಿ ಚುನಾವಣಾ ಆಯೋಗ ಒಂದು ಹೊಸ ಯಂತ್ರದ ಮಾತು ತಂದಿತು. ಬೇರೆ ಊರಲ್ಲಿ ದುಡಿಯುವವರಿಗಾಗಿಯೇ ಮಾಡಿದ್ದು. ಒಂದೇ ಬೂತಿನಲ್ಲಿ 72 ಕ್ಷೇತ್ರಗಳವರೆಗೆ ಓಟು ತಗೊಳ್ಳುವ ಯಂತ್ರ. ಅಂದರೆ ಬೆಂಗಳೂರಿನ ಒಂದು ಶಾಲೆಯಲ್ಲಿ ನಿಂತು ಮಸ್ಕಿಗೂ ಹಾಕಬಹುದು, ದೇವದುರ್ಗಕ್ಕೂ ಹಾಕಬಹುದು. ರಟ್ಟಿನ ಮರೆ ಇರುತ್ತೆ, ಅಧಿಕಾರಿ ಇರುತ್ತಾರೆ. 2023ರ ಜನವರಿಯಲ್ಲಿ ಪಕ್ಷಗಳನ್ನು ಕರೆದು ತೋರಿಸಲು ಹೊರಟರು. ಪಕ್ಷಗಳು ಒಪ್ಪಲಿಲ್ಲ, ಕೆಲಸ ಅಲ್ಲಿಗೇ ನಿಂತಿತು. ಸೈನಿಕರಿಗೆ ಅಂಚೆಯಲ್ಲಿ ಓಟು ಹಾಕುವ ದಾರಿ ಇದೆ. ಚುನಾವಣೆ ಡ್ಯೂಟಿಯ ಸಿಬ್ಬಂದಿಗೂ ಇದೆ. 2023ರ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದವರ, ಅಂಗವಿಕಲರ ಮನೆಗೇ ಹೋಗಿ ಓಟು ತಗೊಂಡರು. ಬಹಳ ಒಳ್ಳೆಯ ಕೆಲಸ. ಗುಳೆ ಹೋದವರಿಗೆ ಮಾತ್ರ ಇನ್ನೂ ಏನೂ ಇಲ್ಲ. ಓಟು ಕೇಳಲು ಬಂದವರಿಗೆ ಮುಖಕ್ಕೆ ಮುಖ ಕೊಟ್ಟು ಇದನ್ನು ಕೇಳಿ.

ಅಲ್ಲಿಯವರೆಗೆ ಏನು ಮಾಡಬೇಕು? ಮೊದಲು ಪಟ್ಟಿಯಲ್ಲಿ ಹೆಸರು ನೋಡಿ. ಕೈಯಲ್ಲಿ ವೋಟರ್ ಕಾರ್ಡ್ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಓಟಿಲ್ಲ. ಗುಳೆ ಹೋದವರಿಗೆ ಈ ಭಯ ಜಾಸ್ತಿ. ಪರಿಶೀಲನೆಗೆ ಬಂದಾಗ ಮನೆಗೆ ಬೀಗ ಇದ್ದರೆ 'ಊರು ಬಿಟ್ಟಿದ್ದಾರೆ' ಅಂತ ಬರೆದುಕೊಂಡು ಹೋಗಬಹುದು. ಆಯೋಗದ ವೆಬ್‌ಸೈಟ್‌ನಲ್ಲಿ ಕಾರ್ಡಿನ ನಂಬರ್ ಹಾಕಿದರೆ ಹೆಸರು ಇದೆಯೋ ಇಲ್ಲವೋ ಗೊತ್ತಾಗುತ್ತೆ. 1950ಕ್ಕೆ ಫೋನ್ ಮಾಡಿಯೂ ಕೇಳಬಹುದು. ಹೆಸರು ಹೋಗಿದ್ದರೆ ನಮೂನೆ 6 ತುಂಬಬೇಕು. ಬೆಂಗಳೂರಿಗೇ ಹೆಸರು ಬದಲಿಸಿಕೊಳ್ಳುವುದಾದರೆ ನಮೂನೆ 8. ಎರಡೂ ಕಡೆ ಹೆಸರು ಇಟ್ಟುಕೊಳ್ಳಲು ಕಾನೂನು ಬಿಡುವುದಿಲ್ಲ. ಒಂದು ಯೋಚನೆ ಮಾಡಿ: ಹೆಸರು ಬದಲಿಸಿದರೆ ಪಂಚಾಯ್ತಿ ಓಟೂ ಹೋಗುತ್ತೆ. ಗ್ರಾಮ ಪಂಚಾಯ್ತಿಯಲ್ಲಿ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಅಲ್ಲಿ ನಿಮ್ಮ ಮನೆಯ ನಾಲ್ಕು ಓಟಿಗೆ ತೂಕ ಇದೆ.

ರಜೆ ವಿಷಯ. ಓಟಿನ ದಿನ ಸಂಬಳದ ರಜೆ ಕೊಡಬೇಕು ಅಂತ ಜನಪ್ರತಿನಿಧಿ ಕಾಯ್ದೆಯ 135ಬಿ ಹೇಳುತ್ತೆ. ದಿನಗೂಲಿಯವರೂ ಅದರಲ್ಲಿ ಸೇರಿದ್ದಾರೆ. ಮೇಸ್ತ್ರಿಗೆ ಇದನ್ನು ಹೇಳಿ, ಒಬ್ಬರೇ ಹೇಳಬೇಡಿ, ಹತ್ತು ಜನ ಸೇರಿ ಹೇಳಿ. ಅಭ್ಯರ್ಥಿ ಕಡೆಯವರು ಪುಕ್ಕಟೆ ಬಸ್ ಮಾಡಿಕೊಂಡು ಕರೆಯಲು ಬಂದರೆ ಹತ್ತಬೇಡಿ, ಹಾಗೆ ಓಟುದಾರರನ್ನು ಸಾಗಿಸುವುದು ಕಾನೂನಿನಲ್ಲಿ ಭ್ರಷ್ಟಾಚಾರ.

ಫೋನು ಕೆಲಸಕ್ಕೆ ಬರುವುದು ಓಟಿನ ಮರುದಿನದಿಂದ. ರಾತ್ರಿ ಊಟ ಆದಮೇಲೆ ಪಂಚಾಯ್ತಿಗಳ ಕೆಲಸ, ಖರ್ಚು ತೋರಿಸುವ ಸರ್ಕಾರದ ಇ-ಗ್ರಾಮಸ್ವರಾಜ್ ವೆಬ್‌ಸೈಟ್ ತೆಗೆಯಿರಿ. ಜಿಲ್ಲೆ, ತಾಲ್ಲೂಕು, ನಿಮ್ಮ ಪಂಚಾಯ್ತಿ ಆರಿಸಿ. ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಯಾವ ಕೆಲಸ ಬರೆದಿದ್ದಾರೆ, ಯಾವುದಕ್ಕೆ ಬಿಲ್ ಆಗಿದೆ, ಎಷ್ಟು, ಎಲ್ಲ ಸಿಗುತ್ತೆ. ನಿಮ್ಮ ಓಣಿಯ ಚರಂಡಿ ಅದರಲ್ಲಿದ್ದರೆ ಅವ್ವಗೆ ಫೋನ್ ಮಾಡಿ, ಬಾಗಿಲಿಗೆ ಹೋಗಿ ನೋಡಲು ಹೇಳಿ. ಬಿಲ್ ಆಗಿದೆ, ಚರಂಡಿ ಇಲ್ಲ ಅಂತಾದರೆ ಆ ಪುಟವನ್ನು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿ. ಮುಂದಿನ ಗ್ರಾಮಸಭೆಗೆ ಅವ್ವನನ್ನು, ಓಣಿಯ ನಾಲ್ಕು ಹೆಣ್ಣುಮಕ್ಕಳನ್ನು ಕಳಿಸಿ, ಪಿಡಿಒ ಎದುರು ಅದೇ ಪುಟ ತೋರಿಸಿ ಕೇಳಲಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡೇ ಎದ್ದು ಬರಲಿ.