ಕಾಯುವ ಸರದಿ ಯಾರದ್ದು? ಆಫೀಸ್ ಬ್ಯಾಂಡ್‌ವಿಡ್ತ್‌ನ ನಲವತ್ತು ವರ್ಷ

ಕಂಪನಿಗೆ 1 ಜಿಬಿಪಿಎಸ್ (ಸೆಕೆಂಡಿಗೆ ನೂರು ಕೋಟಿ ಬಿಟ್) ಇಂಟರ್ನೆಟ್ ಲಿಂಕ್ ಇದೆ. ಗ್ರಾಫ್ ನೋಡಿದರೆ ಮೂವತ್ತು ಪರ್ಸೆಂಟ್ ಕೂಡ ಬಳಕೆಯಾಗಿಲ್ಲ. ಆದರೂ ಬೆಳಗಿನ ವಿಡಿಯೊ ಮೀಟಿಂಗ್‌ನಲ್ಲಿ ಧ್ವನಿ ಒಡೆಯುತ್ತದೆ. "ಲಿಂಕ್ ಸಾಲ್ತಾ ಇಲ್ಲ, ದೊಡ್ಡದು ತಗೊಳ್ಳಿ" ಎಂದು ನೆಟ್‌ವರ್ಕ್ ಟೀಮಿಗೆ ಮೇಲ್ ಬರುತ್ತದೆ. ತಗೊಳ್ಳುತ್ತಾರೆ. ಆರು ತಿಂಗಳಿಗೆ ಅದೇ ಮೇಲ್ ಮತ್ತೆ ಬರುತ್ತದೆ. ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಹೊರದೇಶದ ಜೊತೆ ಡೇಟಾ ಸಂಪರ್ಕಕ್ಕೆ ಅದಕ್ಕೆ ತನ್ನದೇ ಉಪಗ್ರಹ ಡಿಶ್ ಬೇಕಾಯಿತು. ಮರುವರ್ಷ, ವಿದ್ಯಾಸಂಸ್ಥೆಗಳ ಕಂಪ್ಯೂಟರ್‌ಗಳನ್ನು ಜೋಡಿಸುವ ಅರ್ನೆಟ್ ಯೋಜನೆ ಶುರುವಾಯಿತು. ಐದು ಐಐಟಿಗಳ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿತ್ತು. ಮೊದಮೊದಲು ಮೇಲ್ ಹೋಗುತ್ತಿದ್ದದ್ದು ಡಯಲ್‌ಅಪ್ ಫೋನ್ ಲೈನಿನಲ್ಲಿ, ಕಟ್ಟುಕಟ್ಟಾಗಿ. 1991ರಲ್ಲಿ ಸಾಫ್ಟ್‌ವೇರ್ ರಫ್ತಿಗೆ ನೆರವಾಗುವ ಸರ್ಕಾರಿ ಸಂಸ್ಥೆ ಎಸ್‌ಟಿಪಿಐ ಬಂದ ಮೇಲೆ ಸಣ್ಣ ಸಾಫ್ಟ್‌ವೇರ್ ಕಂಪನಿಗಳಿಗೂ 64 ಕೆಬಿಪಿಎಸ್ (ಸೆಕೆಂಡಿಗೆ 64 ಸಾವಿರ ಬಿಟ್) ಉಪಗ್ರಹ ಲಿಂಕ್ ಸಿಗತೊಡಗಿತು. ಒಂದು ಡಿಜಿಟಲ್ ಫೋನ್ ಕರೆಗೆ ಬೇಕಾಗುವುದೂ ಅಷ್ಟೇ, 64 ಕೆಬಿಪಿಎಸ್. ಅಂದರೆ ಒಬ್ಬರು ಮಾತಾಡುವಷ್ಟು ಜಾಗದಲ್ಲಿ ಇಡೀ ಕಂಪನಿಯ ಕೆಲಸ ನಡೆಯಬೇಕಿತ್ತು. ಒಂದು ಎಂಬಿ ಫೈಲ್ ಹೋಗಲು ಎರಡು ನಿಮಿಷ. ಬ್ಯಾಂಡ್‌ವಿಡ್ತ್ (ಲಿಂಕ್ ಒಮ್ಮೆಗೆ ಸಾಗಿಸಬಲ್ಲ ಡೇಟಾ) ನಿರ್ವಹಣೆಗೆ ಆಗ ಬೇರೆ ಬುದ್ಧಿವಂತಿಕೆ ಬೇಕಿರಲಿಲ್ಲ, ಬೇಡದ್ದನ್ನು ಕಳಿಸದಿದ್ದರೆ ಸಾಕಿತ್ತು.

ಈಗಿನ ನಿರ್ವಹಣೆಯ ಬೇರು ಇರುವುದು ಕ್ಯಾಲಿಫೋರ್ನಿಯಾದಲ್ಲಿ. 1986ರ ಅಕ್ಟೋಬರ್. ಲಾರೆನ್ಸ್ ಬರ್ಕ್ಲಿ ಲ್ಯಾಬ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವೆ ಇದ್ದ ಅಂತರ ಕೇವಲ 400 ಗಜ. ಆ ದಾರಿಯಲ್ಲಿ ಡೇಟಾ ವೇಗ ಇದ್ದಕ್ಕಿದ್ದಂತೆ 32 ಕೆಬಿಪಿಎಸ್‌ನಿಂದ 40 ಬಿಪಿಎಸ್‌ಗೆ ಕುಸಿಯಿತು. ಸೆಕೆಂಡಿಗೆ ಐದು ಅಕ್ಷರ! ನಡೆದುಕೊಂಡು ಹೋಗಿ ಚೀಟಿ ಕೊಟ್ಟು ಬಂದಿದ್ದರೂ ಬೇಗ ಆಗುತ್ತಿತ್ತು. ಲೈನ್ ಕೆಟ್ಟಿರಲಿಲ್ಲ. ಡೇಟಾ ಹೋಗುವುದು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಲ್ಲಿ. ದಾರಿಯಲ್ಲಿ ಪ್ಯಾಕೆಟ್ ಬಿದ್ದುಹೋದಾಗ ಪ್ರತಿ ಕಂಪ್ಯೂಟರೂ ಅದನ್ನೇ ಮತ್ತೆ ಮತ್ತೆ ಕಳಿಸುತ್ತಿತ್ತು. ಅದರಿಂದ ಒತ್ತಡ ಇನ್ನೂ ಏರಿ, ಇನ್ನಷ್ಟು ಪ್ಯಾಕೆಟ್ ಬೀಳುತ್ತಿದ್ದವು.

ಅದೇ ಲ್ಯಾಬಿನ ವಿಜ್ಞಾನಿ ವ್ಯಾನ್ ಜೇಕಬ್ಸನ್ 1988ರಲ್ಲಿ ಇದಕ್ಕೆ ಪರಿಹಾರ ಪ್ರಕಟಿಸಿದರು. ನಿಧಾನಕ್ಕೆ ಶುರುಮಾಡು, ದಾರಿ ಖಾಲಿ ಇದ್ದರೆ ವೇಗ ಏರಿಸು, ಪ್ಯಾಕೆಟ್ ಬಿದ್ದರೆ ತಕ್ಷಣ ತಗ್ಗಿಸು. ಇಂಟರ್ನೆಟ್‌ನಲ್ಲಿ ಡೇಟಾ ಕಳಿಸುವ ಮುಖ್ಯ ಪದ್ಧತಿಯಾದ ಟಿಸಿಪಿ ಇವತ್ತಿಗೂ ಹೆಚ್ಚುಕಡಿಮೆ ಈ ಶಿಸ್ತಿನಲ್ಲೇ ನಡೆಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬಂದ ಮುಕ್ಕಾಲು ಪಾಲು ಉಪಕರಣಗಳು ಮಾಡುವುದು ಒಂದೇ ಕೆಲಸ. ಈ ಶಿಸ್ತನ್ನು ಬಳಸಿಕೊಂಡು, ಯಾರು ಕಾಯಬೇಕು ಎಂದು ತೀರ್ಮಾನಿಸುವುದು.

ವೆಬ್ ಬಂದ ಮೇಲೆ ಕಾಲೇಜು, ಕಂಪನಿಗಳಲ್ಲಿ ಪ್ರಾಕ್ಸಿ (ಎಲ್ಲರ ಪರವಾಗಿ ವೆಬ್ ಪುಟ ತರುವ ನಡುವಿನ ಕಂಪ್ಯೂಟರ್) ಕಾಲ ಶುರುವಾಯಿತು. 1996ರಲ್ಲಿ ಸ್ಕ್ವಿಡ್ ಎಂಬ ಉಚಿತ ಸಾಫ್ಟ್‌ವೇರ್ ಬಂತು. ಒಬ್ಬರು ತೆರೆದ ಪುಟದ ನಕಲನ್ನು ಅದು ಇಟ್ಟುಕೊಂಡು, ಅದೇ ಪುಟ ಕೇಳಿದ ಮುಂದಿನವರಿಗೆ ಒಳಗಿಂದಲೇ ಕೊಡುತ್ತಿತ್ತು. ಆ ಹೊತ್ತಿಗೆ ಅದೊಂದು ವರವೇ ಆಗಿತ್ತು. ಅದೇ ವರ್ಷ ಅಮೆರಿಕದಲ್ಲಿ ಪಾಯಿಂಟ್‌ಕಾಸ್ಟ್ ಎಂಬ ಸ್ಕ್ರೀನ್‌ಸೇವರ್ ಬಂತು. ಸುಮ್ನೆ ಕೂತ ಕಂಪ್ಯೂಟರಿಗೆ ತಾನಾಗೇ ಸುದ್ದಿ, ಶೇರು ಬೆಲೆ ತಂದು ಹಾಕುತ್ತಿತ್ತು. ಎಷ್ಟೋ ಕಂಪನಿಗಳು ಲಿಂಕ್ ತುಂಬಿಹೋಗಿ ಅದನ್ನು ನಿಷೇಧಿಸಿದವು.

1999ರಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂದಾಗ ಅಮೆರಿಕದ ವಿಶ್ವವಿದ್ಯಾಲಯಗಳ ಲಿಂಕ್‌ಗಳು ಹಾಡಿನಿಂದ ತುಂಬಿದವು. ಹಲವು ಕಡೆ ಬ್ಲಾಕ್ ಮಾಡಿದರು. ವಿದ್ಯಾರ್ಥಿಗಳು ಬೇರೆ ದಾರಿ ಹುಡುಕಿದರು. ನಮ್ಮ ಇಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಿ ಕತೆ ತುಸು ಬೇರೆ. ಹೊರಗಿನ ಲಿಂಕ್ ಸಣ್ಣದು, ಕ್ಯಾಂಪಸ್ ಒಳಗಿನ ನೆಟ್‌ವರ್ಕ್ (ಲ್ಯಾನ್) ವೇಗದ್ದು. ಡಿಸಿ ಪ್ಲಸ್ ಪ್ಲಸ್ ಎಂಬ ಫೈಲ್ ಹಂಚುವ ಸಾಫ್ಟ್‌ವೇರಿನ ಹಬ್ ಹಾಕಿಕೊಂಡು ಒಳಗೊಳಗೇ ಸಿನಿಮಾ ಹಂಚಿಕೊಂಡರು. ಕಾನೂನಿನ ಮಾತು ಬೇರೆ. ಹೊರಗಿನ ಲಿಂಕ್ ಮೇಲಿನ ಭಾರ ಇಳಿಸುವುದರಲ್ಲಿ ಮಾತ್ರ ಹುಡುಗರ ಏರ್ಪಾಟು ಪ್ರಾಕ್ಸಿಗಿಂತ ಕಡಿಮೆಯೇನಿರಲಿಲ್ಲ.

ಬ್ಲಾಕ್ ಮಾಡುವುದಕ್ಕಿಂತ ನಿಧಾನ ಮಾಡುವುದು ಮೇಲು ಎಂಬ ಬುದ್ಧಿ ಬಂದದ್ದು ಈ ಹೊತ್ತಿನಲ್ಲೇ. ಪ್ಯಾಕೆಟಿಯರ್ ಕಂಪನಿಯ ಪ್ಯಾಕೆಟ್‌ಶೇಪರ್ ಎಂಬ ಉಪಕರಣ ಇದರಲ್ಲಿ ಹೆಸರು ಮಾಡಿತು. ಒಂದು ಸಂಸ್ಥೆ ತಾನು ಹೊರಗೆ ಕಳಿಸುವ ಡೇಟಾವನ್ನು ಸುಲಭವಾಗಿ ಸರದಿಯಲ್ಲಿ ನಿಲ್ಲಿಸಬಹುದು. ಒಳಗೆ ಬರುವುದು ಹಾಗಲ್ಲ. ಪ್ಯಾಕೆಟ್ ನಿಮ್ಮ ರೌಟರ್ ಮುಟ್ಟುವ ಹೊತ್ತಿಗೆ ಲಿಂಕ್‌ನಲ್ಲಿ ತನ್ನ ಜಾಗ ಆಗಲೇ ತಿಂದಿರುತ್ತದೆ. ಹಾಗಾಗಿ ಕಳಿಸುವವನನ್ನೇ ತಗ್ಗಿಸಬೇಕು. "ಒಂದೇ ಸಲಕ್ಕೆ ಇಷ್ಟು ಕಳಿಸಬಹುದು" ಎಂದು ಟಿಸಿಪಿ ಹೇಳುವ ಅಂಕಿಯನ್ನು ಪ್ಯಾಕೆಟ್‌ಶೇಪರ್ ದಾರಿಯಲ್ಲೇ ಬದಲಿಸಿ ಚಿಕ್ಕದು ಮಾಡುತ್ತಿತ್ತು. ಆ ತುದಿಯ ಸರ್ವರ್ ತಾನಾಗಿ ನಿಧಾನವಾಗುತ್ತಿತ್ತು. ಜಾಣ ಕೆಲಸ.

ಆಮೇಲೆ ವೆಬ್ ಪುಟಗಳನ್ನು ಗೂಢಲಿಪಿಯಲ್ಲಿ ಕಳಿಸುವ ಎಚ್‌ಟಿಟಿಪಿಎಸ್ ಎಲ್ಲೆಡೆ ಹರಡಿತು. ಪುಟಗಳು ಬೀಗ ಹಾಕಿಕೊಂಡು ಬರತೊಡಗಿದ ಮೇಲೆ ಪ್ರಾಕ್ಸಿ ನಕಲು ಇಟ್ಟುಕೊಳ್ಳುವುದಕ್ಕೆ ಅರ್ಥ ಉಳಿಯಲಿಲ್ಲ. ಒಳಗೆ ಏನಿದೆ ಎಂದು ಶೇಪರ್‌ಗೂ ಸರಿಯಾಗಿ ಕಾಣದಾಯಿತು. ಬಳಸುವವರ ಗುಟ್ಟು ಉಳಿಯಿತು, ಅದು ಒಳ್ಳೆಯದೇ. ಅಡ್ಮಿನ್‌ಗೆ ಮಾತ್ರ ಕೈ ಕಟ್ಟಿದ ಹಾಗಾಯಿತು.

ನಕಲು ಇಡುವ ಯೋಚನೆ ಪೂರ್ತಿ ಸಾಯಲಿಲ್ಲ, ಅಪ್‌ಡೇಟ್‌ಗಳಲ್ಲಿ ಬದುಕಿದೆ. ಮೈಕ್ರೋಸಾಫ್ಟ್ 2003ರಿಂದ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡುತ್ತಿದೆ. ನಮಗೆ ಆಗ ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆ. ಅಂದರೆ ಬೆಂಗಳೂರಿನ ಆಫೀಸಿಗೆ ಪೆಟ್ಟು ಬೀಳುವುದು ಬುಧವಾರ ಬೆಳಿಗ್ಗೆ, ಎಲ್ಲರೂ ಲ್ಯಾಪ್‌ಟಾಪ್ ತೆರೆದಾಗ. ಲೆಕ್ಕ ಹಾಕಿ ನೋಡಿ: 5,000 ಲ್ಯಾಪ್‌ಟಾಪ್, ತಲಾ 500 ಎಂಬಿ. 1 ಜಿಬಿಪಿಎಸ್ ಲಿಂಕ್ ಬೇರೇನೂ ಮಾಡದೆ ದುಡಿದರೂ ಐದೂವರೆ ಗಂಟೆ ಬೇಕು. ಒಳಗೆ ಒಂದು ಅಪ್‌ಡೇಟ್ ಸರ್ವರ್ ಇಟ್ಟರೆ, ಇಲ್ಲವೇ ಲ್ಯಾಪ್‌ಟಾಪ್‌ಗಳು ಪಕ್ಕದವರಿಂದಲೇ ಪಡೆಯುವಂತೆ ಮಾಡಿದರೆ, ಹೊರಗಿನಿಂದ ಬರುವುದು ಇದರಲ್ಲಿ ಸಣ್ಣ ಪಾಲು. ದೊಡ್ಡ ಲಿಂಕಿಗೆ ಸಹಿ ಹಾಕುವ ಮೊದಲು ಇದನ್ನು ನೋಡದವರನ್ನು ಕಂಡರೆ ನನಗೆ ಆಶ್ಚರ್ಯ.

ಇನ್ನು ಮೊದಲಿಗೆ ಹೇಳಿದ ಆ ಗ್ರಾಫ್. 1995ರ ಸುಮಾರಿಗೆ ಬಂದ ಎಂಆರ್‌ಟಿಜಿ ಎಂಬ ಸಾಫ್ಟ್‌ವೇರ್ ಲಿಂಕ್ ಬಳಕೆಯನ್ನು ಐದು ನಿಮಿಷಕ್ಕೊಮ್ಮೆ ಅಳೆದು ಸರಾಸರಿ ತೋರಿಸುತ್ತಿತ್ತು. ಆ ರೂಢಿ ಇನ್ನೂ ಬಿಟ್ಟಿಲ್ಲ. ಐದು ನಿಮಿಷದಲ್ಲಿ ಹತ್ತು ಸೆಕೆಂಡ್ ಲಿಂಕ್ ಪೂರ್ತಿ ತುಂಬಿ, ಉಳಿದ ಹೊತ್ತು ಖಾಲಿ ಇದ್ದರೆ ಗ್ರಾಫ್ ತೋರಿಸುವುದು 3 ಪರ್ಸೆಂಟ್. ಧ್ವನಿ ಒಡೆದದ್ದು ಆ ಹತ್ತು ಸೆಕೆಂಡಿನಲ್ಲಿ.

ಅದರ ಜೊತೆ ಇನ್ನೊಂದು ರೋಗವಿತ್ತು. ಮೆಮೊರಿ ಅಗ್ಗವಾದಂತೆ ರೌಟರ್, ಮೋಡೆಮ್ ಮಾಡುವವರು ಬಫರ್ (ಪ್ಯಾಕೆಟ್‌ಗಳು ಕಾಯುವ ಜಾಗ) ದೊಡ್ಡದು ಮಾಡುತ್ತಾ ಹೋದರು, ಪ್ಯಾಕೆಟ್ ಬೀಳಬಾರದು ಅಂತ. ಮದುವೆ ಮನೆಯಲ್ಲಿ ಊಟದ ಪಂಕ್ತಿ ಅಷ್ಟೇ ಇಟ್ಟು, ಹೊರಗೆ ಕಾಯುವವರ ಶಾಮಿಯಾನ ಹಿಗ್ಗಿಸಿದ ಹಾಗೆ. ಊಟ ಬೇಗ ಸಿಗುವುದಿಲ್ಲ, ಕಾಯುವವರು ಜಾಸ್ತಿಯಾಗುತ್ತಾರೆ. ಪ್ಯಾಕೆಟ್ ಬೀಳದ ಕಾರಣ ಟಿಸಿಪಿಗೆ ತಗ್ಗಬೇಕೆಂಬ ಸೂಚನೆಯೂ ತಡವಾಗಿ ಸಿಗುತ್ತದೆ. ಪ್ರೋಗ್ರಾಮರ್ ಜಿಮ್ ಗೆಟ್ಟಿಸ್ 2010ರ ಸುಮಾರಿಗೆ ಈ ವಿಷಯ ಎತ್ತಿ ಜೋರಾಗಿ ಮಾತಾಡಿದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಜೊತೆ ಸೇರಿ ಕೋಡೆಲ್ ಎಂಬ ಪರಿಹಾರ ಕೊಟ್ಟವರು ಮತ್ತದೇ ಜೇಕಬ್ಸನ್. ಸಾಲು ಎಷ್ಟು ಉದ್ದ ಎಂದು ಕೋಡೆಲ್ ನೋಡುವುದಿಲ್ಲ. ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. ಕಾಯುವಿಕೆ ಗೊತ್ತುಮಾಡಿದ ಮಿತಿ ಮೀರಿಯೇ ಇದ್ದರೆ ಬೇಕೆಂದೇ ಕೆಲವನ್ನು ಬೀಳಿಸುತ್ತದೆ. ಲಿಂಕ್ ಹಿಗ್ಗಿಸದೆಯೇ ಮೀಟಿಂಗ್ ಸರಿಹೋಗುವುದು ಎಷ್ಟೋ ಸಲ ಇಂಥ ಒಂದು ಸೆಟ್ಟಿಂಗ್‌ನಿಂದ.

2020ರ ಮಾರ್ಚ್‌ನಲ್ಲಿ ಎಲ್ಲ ತಲೆಕೆಳಗಾಯಿತು. ನೌಕರರು ಮನೆಗೆ ಹೋದರು, ಎಲ್ಲರ ಟ್ರಾಫಿಕ್ ವಿಪಿಎನ್ (ಮನೆಯಿಂದ ಆಫೀಸ್ ನೆಟ್‌ವರ್ಕಿಗೆ ಸುರಕ್ಷಿತ ದಾರಿ) ಮೂಲಕ ಆಫೀಸಿಗೆ ಬಂದು ಅಲ್ಲಿಂದ ಹೊರಟಿತು. ಒಂದೇ ವಿಡಿಯೊ ಕಾಲ್ ಕಂಪನಿಯ ಲಿಂಕನ್ನು ಎರಡು ಸಲ ದಾಟುತ್ತಿತ್ತು. ವಿಡಿಯೊ ಕಾಲ್ ಮನೆಯಿಂದ ನೇರ ಹೋಗಲಿ, ಕಂಪನಿಯ ಒಳಗಿನ ಕೆಲಸ ಮಾತ್ರ ವಿಪಿಎನ್‌ನಲ್ಲಿ ಬರಲಿ ಎಂದು ಹಲವರು ಬದಲಿಸಿಕೊಂಡರು. ಸೆಕ್ಯೂರಿಟಿ ಟೀಮುಗಳು ಗೊಣಗಿದವು.

ಧ್ವನಿಗೆ ಮೊದಲ ಸರದಿ ಕೊಡಲು ಪ್ಯಾಕೆಟ್ ಮೇಲೆ ಗುರುತು ಹಾಕುವ ಪದ್ಧತಿ 1998ರಿಂದಲೇ ಇದೆ. ಅದರಲ್ಲಿ 46 ಎಂಬ ಅಂಕಿ ಧ್ವನಿಗೆ ಮೀಸಲು. ಆದರೆ ಎಲ್ಲರೂ 46 ಹಾಕಿಕೊಂಡರೆ ಯಾರಿಗೂ ಆದ್ಯತೆ ಇಲ್ಲ. ಅದಕ್ಕೇ ಆ ಸರದಿಯನ್ನು ಲಿಂಕ್‌ನ ಮೂರನೇ ಒಂದು ಭಾಗದೊಳಗೆ ಇಡುವುದು ರೂಢಿ. ಉಳಿದದ್ದರಲ್ಲಿ ಬ್ಯಾಕಪ್ ಕಾಯಬೇಕೋ, ಟೆಸ್ಟಿಂಗ್ ಟೀಮ್ ಕಾಯಬೇಕೋ ಎಂದು ಯಾವ ರೌಟರೂ ಹೇಳುವುದಿಲ್ಲ. ಬ್ಯಾಕಪ್ಪನ್ನು ರಾತ್ರಿಗೆ ತಳ್ಳಿದರಾಯಿತು ಎನ್ನುವುದು ಹಳೆಯ ಉತ್ತರ. ಅಮೆರಿಕದ ಗ್ರಾಹಕರಿರುವ ಬೆಂಗಳೂರಿನ ಕಂಪನಿಗೆ ರಾತ್ರಿ ಎಂಟರ ಹೊತ್ತು ಮೀಟಿಂಗ್ ಜೋರು. ಖಾಲಿ ಹೊತ್ತು ಬೇಕೆಂದರೆ ಬೆಳಗಿನ ಜಾವ ಹುಡುಕಬೇಕು. ಅಪ್‌ಡೇಟ್ ಬರುವ ಬುಧವಾರವಾದರೆ ಬೆಳಕು ಹರಿಯುವಷ್ಟರಲ್ಲಿ ಮುಗಿಸಿರಬೇಕು.