ಗ್ಯಾಲಕ್ಸಿಗೂ ಒಂದು ಕೋಡಿ

ಕೋಲಾರದವರಿಗೆ ಕೆರೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಕಾಲುವೆಯಲ್ಲಿ ಎಷ್ಟು ಬಂತು, ತೂಬಿನಲ್ಲಿ ಎಷ್ಟು ಹೋಯಿತು, ಕೋಡಿ ಬಿತ್ತಾ ಇಲ್ಲವಾ. ಇಷ್ಟು ಗೊತ್ತಿದ್ದರೆ ಬೇಸಿಗೆಯಲ್ಲಿ ಕೆರೆ ಹೇಗಿರುತ್ತದೆ ಎಂದು ನೀರುಗಂಟಿ ಏರಿ ಮೇಲೆ ನಿಂತೇ ಹೇಳುತ್ತಾನೆ. ಗ್ಯಾಲಕ್ಸಿಗಳ, ಅಂದರೆ ಕೋಟಿಗಟ್ಟಲೆ ನಕ್ಷತ್ರಗಳ ಗುಂಪುಗಳ, ಬೆಳವಣಿಗೆಯನ್ನು ಲೆಕ್ಕ ಹಾಕುವ ವಿಜ್ಞಾನಿಗಳು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಅವರು ಇದನ್ನು ಸ್ನಾನದ ತೊಟ್ಟಿಗೆ ಹೋಲಿಸುತ್ತಾರೆ. ಪಾಪ, ಕೆರೆ ನೋಡಿಲ್ಲ.

ಹೊರಗಿನಿಂದ ಬಂದು ಬೀಳುವ ಹೈಡ್ರೋಜನ್ ಅನಿಲವೇ ಕಾಲುವೆ ನೀರು. ನಕ್ಷತ್ರವಾಗುವ ಅನಿಲ ತೂಬಿನ ನೀರು. ದೊಡ್ಡ ನಕ್ಷತ್ರಗಳು ಸಿಡಿದಾಗ ಹೊರಕ್ಕೆ ನುಗ್ಗುವ ಅನಿಲ ಕೋಡಿ. ಕೆರೆ ತುಂಬಿದಷ್ಟೂ ತೂಬಿನಲ್ಲಿ ರಭಸ ಜಾಸ್ತಿ, ಅಲ್ವಾ? ಇಲ್ಲೂ ಹಾಗೇ. ಅನಿಲ ಜಾಸ್ತಿಯಾದರೆ ನಕ್ಷತ್ರ ಜಾಸ್ತಿ. ನಕ್ಷತ್ರ ಜಾಸ್ತಿಯಾದರೆ ಸಿಡಿತ ಜಾಸ್ತಿ, ಕೋಡಿಯೂ ಜಾಸ್ತಿ. ಹೀಗೆ ಗ್ಯಾಲಕ್ಸಿ ತಾನಾಗಿಯೇ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ನೀರುಗಂಟಿಯೇ ಬೇಡ! ಹೂಳಿನ ಲೆಕ್ಕವೂ ಇದೆ. ಸತ್ತ ನಕ್ಷತ್ರಗಳು ಆಮ್ಲಜನಕ, ಕಬ್ಬಿಣ ಬಿಟ್ಟುಹೋಗುತ್ತವೆ. ಹೊಸ ಅನಿಲ ಬಂದರೆ ಅವುಗಳ ಪಾಲು ತೆಳುವಾಗುತ್ತದೆ.

ಗ್ಯಾಲಕ್ಸಿ ಅಂದರೆ ಮೊದಲೇ ತುಂಬಿ ಮುಚ್ಚಿಟ್ಟ ಕೊಡ ಎಂದುಕೊಂಡವರು ಬಹಳ ಜನ. ಹಾಗಿದ್ದರೆ ಕಥೆ ಎಂದೋ ಮುಗಿಯುತ್ತಿತ್ತು. ನಮ್ಮ ಆಸುಪಾಸಿನ ಗ್ಯಾಲಕ್ಸಿಗಳಲ್ಲಿ ಈಗಿರುವ ತಣ್ಣನೆಯ ಅನಿಲ ಸುಮಾರು 200 ಕೋಟಿ ವರ್ಷಕ್ಕಷ್ಟೇ ಸಾಕು. ಆದರೆ ನಮ್ಮ ಆಕಾಶಗಂಗೆಗೆ 1000 ಕೋಟಿ ವರ್ಷ ದಾಟಿದೆ. ವರ್ಷಕ್ಕೆ ಒಂದೆರಡು ಸೂರ್ಯರಷ್ಟು ತೂಕದ ನಕ್ಷತ್ರಗಳು ಅದರಲ್ಲಿ ಇನ್ನೂ ಹುಟ್ಟುತ್ತಿವೆ.

1960ರ ದಶಕದಲ್ಲಿ ದೊಡ್ಡ ವಿಜ್ಞಾನಿಗಳೇ ದೂರದ ಗ್ಯಾಲಕ್ಸಿಗಳ ಹೊಳಪು ಬದಲಾಗುವುದಿಲ್ಲ ಎಂದು ನಂಬಿ, ಅದನ್ನೇ ದೂರ ಅಳೆಯುವ ಅಳತೆಗೋಲು ಮಾಡಿಕೊಂಡಿದ್ದರು. ನ್ಯೂಜಿಲೆಂಡಿನಲ್ಲಿ ಬೆಳೆದ ಬಿಯಾಟ್ರಿಸ್ ಟಿನ್ಸ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಪಿಎಚ್‌ಡಿ ಮಾಡುವಾಗ ಕೂತು ಲೆಕ್ಕ ಹಾಕಿದರು. ನಕ್ಷತ್ರಗಳಿಗೆ ವಯಸ್ಸಾದಂತೆ ಗ್ಯಾಲಕ್ಸಿಯ ಬಣ್ಣ, ಹೊಳಪು ಎರಡೂ ಬದಲಾಗುತ್ತವೆ ಎಂದು ತೋರಿಸಿದರು. ಅವರು 1981ರಲ್ಲಿ, ನಲವತ್ತರ ಹರೆಯದಲ್ಲೇ ತೀರಿಕೊಂಡರು.

ಊರಿನಲ್ಲಿ ಇದನ್ನು ಹೇಳಿದರೆ, "ಹಳೇ ಕಾಲದ್ದು ನೀನೇನು ಕಣ್ಣಾರೆ ಕಂಡಿದ್ದೀಯಾ?" ಎನ್ನುತ್ತಾರೆ. ಹೌದು, ಕಂಡೇ ಹೇಳುವುದು! ದೂರದ ಗ್ಯಾಲಕ್ಸಿಯ ಬೆಳಕು ನಮ್ಮನ್ನು ಮುಟ್ಟಲು ಕೋಟಿಗಟ್ಟಲೆ ವರ್ಷ ಬೇಕು. ಇವತ್ತು ಕಾಣುವ ಬೆಳಕು ಅಲ್ಲಿಂದ ಹೊರಟಿದ್ದೇ ಆಗ. ನಕ್ಷತ್ರ ಹುಟ್ಟುವ ಭರಾಟೆ ಸುಮಾರು 1000 ಕೋಟಿ ವರ್ಷಗಳ ಹಿಂದೆ ಶಿಖರ ಮುಟ್ಟಿತ್ತು. ಈಗ ಅದರ ಹತ್ತನೇ ಒಂದು ಪಾಲು ಇರಬಹುದು. ಬ್ರಹ್ಮಾಂಡ ಹಿಗ್ಗಿದಂತೆ ಒಳಗೆ ಬೀಳುವ ಮಳೆಯೇ ಕಡಿಮೆಯಾಗಿದೆ.

ಕೆಲವು ದೈತ್ಯ ಗ್ಯಾಲಕ್ಸಿಗಳಲ್ಲಂತೂ ಸುತ್ತ ಅನಿಲ ಬೇಕಾದಷ್ಟಿದ್ದರೂ ಒಳಗೆ ಬೀಳುವುದಿಲ್ಲ. ನಡುವಿನ ಕಪ್ಪುಕುಳಿ ಅದನ್ನು ಬಿಸಿಯಾಗಿಯೇ ಇಡುತ್ತದೆ. ರಾಜಕಾಲುವೆ ಒತ್ತುವರಿಯಾದ ಕೆರೆ ನೋಡಿದ್ದೀರಲ್ಲ, ಮಳೆ ಬಂದರೂ ನೀರಿಲ್ಲ. ಅಂಥ ಗ್ಯಾಲಕ್ಸಿಯಲ್ಲಿ ಹೆಚ್ಚಾಗಿ ಕಾಣುವುದು ಹಳೆಯ, ಕೆಂಪು ನಕ್ಷತ್ರಗಳೇ.